ಆಟಕ್ಕೆ ಮುನ್ನ ಒತ್ತಿದ ಗುಂಡಿಗಳು

ವಿಡಿಯೋ ಗೇಮ್ ಶುರುವಾಗುವ ಮುನ್ನ ಪರದೆಯ ಮೇಲೆ ಮೂಡುವ ಆಯ್ಕೆಗಳ ಪಟ್ಟಿಗೆ ಮೆನು ಎಂದು ಹೆಸರು. ಒಬ್ಬರೇ ಆಡುವುದೋ ಇಬ್ಬರು ಆಡುವುದೋ, ಹೊಸ ಆಟವೋ ಹಳೆಯದರ ಮುಂದುವರಿಕೆಯೋ ಎಂದು ಕೇಳಿ ಉತ್ತರ ಪಡೆಯುವುದು ಅದರ ಕೆಲಸ. ಆದರೆ ಉತ್ತರ ಒಂದೇ ಇರುವಲ್ಲಿಯೂ ಪ್ರಶ್ನೆ ಹಾಕುವ, ಕೇಳಿದ್ದನ್ನೇ ಮತ್ತೆ ಕೇಳುವ, ಸುಮ್ಮನೆ ಗುಂಡಿ ಒತ್ತಿಸಿ ಮುಂದಿನ ಪರದೆಗೆ ಕಳುಹಿಸುವ ರೂಢಿಯೂ ಈ ಆಟಗಳಲ್ಲಿ ಬಹು ಹಿಂದಿನಿಂದ ಬೆಳೆದು ಬಂದಿದೆ. ಇದನ್ನು ಆಟ ಕಟ್ಟುವವರ ಅಲಕ್ಷ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದೊಂದು ಗುಂಡಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಅಲ್ಲಿ ಒಂದು ನಾಣ್ಯವೋ, ಕೆಟ್ಟುಹೋಗಬಹುದಾದ ನೆನಪಿನ ಚಿಪ್ಪೋ, ನಿಧಾನವಾಗಿ ತಿರುಗುವ ಡಿಸ್ಕೋ ಕಾರಣವಾಗಿ ನಿಂತಿರುವುದು ಕಾಣುತ್ತದೆ. ಕಾರಣ ಅಳಿದ ಮೇಲೂ ಗುಂಡಿ ಉಳಿಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳನ್ನೊಳಗೊಂಡ ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ: ಯಂತ್ರಗಳು ಇಲ್ಲಿಗೆ ತಡವಾಗಿ, ಅನುಕ್ರಮ ತಪ್ಪಿ, ಬಹುಪಾಲು ತದ್ರೂಪುಗಳಾಗಿ ಬಂದುದರಿಂದ ಗುಂಡಿಗಳು ಬಂದವು, ಅವುಗಳ ಕಾರಣಗಳು ಬರಲಿಲ್ಲ; ಬಂದ ಮೆನುಗಳು ಬಹುಮಟ್ಟಿಗೆ ಇಂಗ್ಲಿಷಿನವು.

ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು 1940ರ ದಶಕದ ಕೊನೆಯಿಂದ ಬೆಳೆದ ರಾಜಾಜಿನಗರವು ಬಡಾವಣೆಯೂ ಹೌದು, ಕೈಗಾರಿಕಾ ವಸಾಹತೂ ಹೌದು. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯಗಳ ಸಣ್ಣ ಯಂತ್ರಾಗಾರಗಳು, ಬಿನ್ನಿ ಗಿರಣಿ, ಮೈಸೂರು ರಸ್ತೆಯ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ಇವೆಲ್ಲ ಸುತ್ತಲಿನ ಮನೆಗಳಿಗೆ ಅನ್ನ ಕೊಟ್ಟವು. ಇಲ್ಲಿನ ಕಾರ್ಮಿಕರಿಗೆ ಗುಂಡಿ ಎಂಬುದು ಹೊಸ ವಸ್ತುವಲ್ಲ. ತಗಡು ಕತ್ತರಿಸುವ ಪವರ್ ಪ್ರೆಸ್‌ಗೆ ಎರಡು ಗುಂಡಿಗಳನ್ನಿಟ್ಟು, ಎರಡೂ ಕೈಗಳಿಂದ ಏಕಕಾಲಕ್ಕೆ ಒತ್ತಿದಾಗ ಮಾತ್ರ ಅಚ್ಚು ಕೆಳಗಿಳಿಯುವಂತೆ ಮಾಡುವ ಏರ್ಪಾಡೊಂದು ಕೈಗಾರಿಕೆಯಲ್ಲಿ ಉಂಟು. ಕೆಲಸಕ್ಕೆ ಒಂದು ಗುಂಡಿ ಸಾಕು, ಎರಡನೆಯದು ಬೆರಳುಗಳನ್ನು ಕಾಯುವುದಕ್ಕೆ. ಒಂದು ಒತ್ತು ಹೆಚ್ಚಾದ ಮಾತ್ರಕ್ಕೆ ಅದು ಅನಗತ್ಯವಾಗುವುದಿಲ್ಲ, ಅದು ಏನನ್ನು ಕಾಯುತ್ತಿದೆ ಎಂಬುದನ್ನು ನೋಡಬೇಕು ಎನ್ನುವ ಅಳತೆಗೋಲು ಇಲ್ಲಿಯೇ ಸಿಗುತ್ತದೆ.

ಮೊದಲ ವಿಡಿಯೋ ಗೇಮ್‌ಗಳಿಗೆ ಮೆನು ಇರಲಿಲ್ಲ. ಅಟಾರಿ ಕಂಪನಿ 1972ರಲ್ಲಿ ಹೊರತಂದ ಪಾಂಗ್ ಯಂತ್ರಕ್ಕೆ ನಾಣ್ಯ ಹಾಕಿದರೆ ಆಟ ಶುರುವಾಗುತ್ತಿತ್ತು. ನಾಣ್ಯವೇ ಆಯ್ಕೆ, ನಾಣ್ಯವೇ ಒಪ್ಪಿಗೆ. ಒಂದೇ ಯಂತ್ರದಲ್ಲಿ ಒಬ್ಬರೂ ಇಬ್ಬರೂ ಆಡಬಹುದೆಂದಾದಾಗ ನಾಣ್ಯದ ಜತೆಗೆ ಸ್ಟಾರ್ಟ್ ಗುಂಡಿ ಬೇಕಾಯಿತು. ಯಾರೂ ಆಡದ ಹೊತ್ತಿನಲ್ಲಿ ಯಂತ್ರವು ತನ್ನ ಪಾಡಿಗೆ ಆಟದ ತುಣುಕುಗಳನ್ನೂ ಹೆಸರನ್ನೂ ಹೆಚ್ಚಿನ ಅಂಕಗಳ ಪಟ್ಟಿಯನ್ನೂ ತೋರಿಸುತ್ತ ದಾರಿಹೋಕರನ್ನು ಕರೆಯುವ ಪದ್ಧತಿ ಬೆಳೆದು, ಅದಕ್ಕೆ ಅಟ್ರ್ಯಾಕ್ಟ್ ಮೋಡ್, ಅಂದರೆ ಸೆಳೆಯುವ ಸ್ಥಿತಿ, ಎಂಬ ಹೆಸರಾಯಿತು. ಯಕ್ಷಗಾನದ ಪೂರ್ವರಂಗವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಚೆಂಡೆಯ ಸದ್ದು ಊರಿನ ಜನರನ್ನು ಬಯಲಿಗೆ ಕರೆಯುತ್ತದೆ, ಕೋಡಂಗಿ ಮತ್ತು ಬಾಲಗೋಪಾಲರ ಕುಣಿತ ಪ್ರೇಕ್ಷಕರು ಬಂದು ಕೂರುವವರೆಗೆ ಹೊತ್ತು ತುಂಬುತ್ತದೆ. ಕಾಲಮಿತಿಯ ಪ್ರಯೋಗಗಳಲ್ಲಿ, ಪ್ರೇಕ್ಷಕರು ಆಗಲೇ ಆಸನದಲ್ಲಿ ಕುಳಿತಿರುವುದರಿಂದ, ಈ ಭಾಗವನ್ನು ಮೊಟಕುಗೊಳಿಸುವ ಕ್ರಮ ಬಂದಿತು. ಮನೆಗೆ ಬಂದ ವಿಡಿಯೋ ಗೇಮ್ ಮಾತ್ರ ತನ್ನ ಪೂರ್ವರಂಗವನ್ನು ಮೊಟಕು ಮಾಡಲಿಲ್ಲ. ತಾನೇ ಯಂತ್ರದ ಸ್ವಿಚ್ ಹಾಕಿ ಎದುರಿಗೆ ಕುಳಿತವನನ್ನೂ ಅದು ದಾರಿಹೋಕನೆಂದೇ ಎಣಿಸಿ ಸ್ಟಾರ್ಟ್ ಒತ್ತು ಎಂದು ಕರೆಯಿತು, ಈಗಲೂ ಕರೆಯುತ್ತಿದೆ.

ಬೆಂಗಳೂರಿನಲ್ಲಿ ನಾಣ್ಯದ ಯಂತ್ರಗಳು ವಿಡಿಯೋ ಗೇಮ್ ಪಾರ್ಲರ್ ಎಂಬ ಹೆಸರಿನ ಅಂಗಡಿಗಳಲ್ಲಿ ನೆಲೆಗೊಂಡವು. ಇಲ್ಲಿ ಗುಂಡಿಯ ಪ್ರಶ್ನೆ ನ್ಯಾಯಾಲಯದವರೆಗೂ ಹೋದದ್ದು ಈ ಚರಿತ್ರೆಯ ಮುಖ್ಯ ಘಟನೆ. ನಗರದ ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಪರವಾನಗಿ ಕೊಡುವ ಮತ್ತು ಅವುಗಳನ್ನು ನಿಯಂತ್ರಿಸುವ 1989ರ ಆದೇಶದಡಿ ಪೊಲೀಸ್ ಆಯುಕ್ತರು ಈ ಪಾರ್ಲರ್‌ಗಳಿಗೂ ಪರವಾನಗಿ ಬೇಕೆಂದಾಗ, ಆಟಗಳು ಕೌಶಲದವು, ಜೂಜಿನವಲ್ಲ ಎಂಬ ವಾದವೆದ್ದು, ಎಂ. ಜೆ. ಸಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟನ್ನು ಮುಟ್ಟಿತು. 1995ರಲ್ಲಿ ಬಂದ ತೀರ್ಪು, ಅದೃಷ್ಟವನ್ನೋ ಅದೃಷ್ಟ ಮತ್ತು ಕೌಶಲಗಳ ಮಿಶ್ರಣವನ್ನೋ ಅವಲಂಬಿಸಿದ ವಿಡಿಯೋ ಆಟಗಳು ಜೂಜಿನ ವ್ಯಾಖ್ಯೆಯೊಳಗೆ ಬರಬಹುದೆಂದೂ, ಅವುಗಳನ್ನು ನಡೆಸಲು ಪರವಾನಗಿ ಅಗತ್ಯವೆಂದೂ ಎತ್ತಿಹಿಡಿಯಿತು. ಕಾನೂನಿನ ಭಾಷೆಯನ್ನು ಬಿಡಿಸಿ ಹೇಳಿದರೆ, ಆಟಗಾರನು ಒತ್ತಿದ ಗುಂಡಿಯು ನಿಜವಾಗಿ ಏನನ್ನಾದರೂ ನಿರ್ಧರಿಸುತ್ತದೆಯೋ, ಅಥವಾ ಫಲ ಯಂತ್ರದೊಳಗೆ ಮೊದಲೇ ತೀರ್ಮಾನವಾಗಿದ್ದು ಬೆರಳಿಗೆ ಕೆಲಸವಿದೆಯೆಂಬ ಭಾವನೆಯನ್ನಷ್ಟೇ ಗುಂಡಿ ಕೊಡುತ್ತದೆಯೋ ಎಂಬುದೇ ಅಲ್ಲಿನ ವಿಚಾರ. ವ್ಯರ್ಥವಾದ ಒತ್ತಿನ ಬಗ್ಗೆ ಈ ದೇಶದಲ್ಲಿ ನಡೆದ ಅತ್ಯಂತ ಗಂಭೀರವಾದ ಚರ್ಚೆ ಇದೇ ಇರಬೇಕು.

ಪಾರ್ಲರ್‌ಗಿಂತ ಆಳವಾಗಿ ಈ ಬಡಾವಣೆಗಳ ಬದುಕಿನೊಳಗೆ ಇಳಿದದ್ದು ಮನೆಯ ಟಿವಿಗೆ ಜೋಡಿಸುವ ಆಟದ ಪೆಟ್ಟಿಗೆ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಗಿ, ಟಿವಿ ನಡುಮನೆಯ ವಸ್ತುವಾದ ಮೇಲೆ, 1990ರ ದಶಕದಲ್ಲಿ ಲಿಟಲ್ ಮಾಸ್ಟರ್ ಮತ್ತು ಅದರಂಥ ಹೆಸರುಗಳ ಪೆಟ್ಟಿಗೆಗಳು ಬೇಸಗೆ ರಜೆಯ ಆಸೆಗಳಾದವು. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಯಂತ್ರದ ತದ್ರೂಪುಗಳಿವು. ಆಂಟೆನಾದ ವಯರನ್ನು ಕಿತ್ತು ಪೆಟ್ಟಿಗೆಯ ವಯರನ್ನು ಸಿಕ್ಕಿಸಿ, ಟಿವಿಯ ಚಾನೆಲ್ಲನ್ನು ತಿರುಗಿಸುತ್ತ ಮರಳುಮರಳಾದ ಚಿತ್ರದೊಳಗಿಂದ ಆಟದ ಚಿತ್ರವನ್ನು ಹೊರತೆಗೆಯುವುದೇ ಮೊದಲ ಘಟ್ಟ. ಮೆನುವಿನ ಸರದಿ ಅದಾದ ಮೇಲೆ.

ಆ ಮೆನು ವಿಶಿಷ್ಟವಾದದ್ದು. ಕ್ಯಾಸೆಟ್ ಎಂದು ಇಲ್ಲಿನ ಮಕ್ಕಳು ಕರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ಅನೇಕ ಆಟಗಳನ್ನು ತುಂಬಿ, ಮೇಲೆ 9999999 ಆಟಗಳೆಂದು ಅಚ್ಚು ಹಾಕಿ ಮಾರುತ್ತಿದ್ದರು. ಪರದೆಯ ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದರೆ ಹತ್ತಾರು ಹೆಸರುಗಳ ಬಳಿಕ ಅವೇ ಆಟಗಳು ಬೇರೆ ಹೆಸರಿನಲ್ಲಿ, ಬೇರೆ ಹಂತದಿಂದ ತೊಡಗುವಂತೆಯೋ ಹೆಚ್ಚು ಜೀವಗಳೊಂದಿಗೋ ಮರಳಿ ಬರುತ್ತಿದ್ದವು. ಆಯ್ಕೆಯನ್ನು ಸುಗಮಗೊಳಿಸಬೇಕಾದ ಪಟ್ಟಿಯೇ ಇಲ್ಲಿ ಸರಕನ್ನು ದೊಡ್ಡದಾಗಿ ತೋರಿಸುವ ಉಪಾಯವಾಯಿತು. ಅದನ್ನು ಸರಿಸಲು ಒತ್ತಿದ ನೂರಾರು ಒತ್ತುಗಳಿಗೆ ವ್ಯಾಪಾರವಲ್ಲದೆ ಬೇರೆ ಕಾರಣವಿರಲಿಲ್ಲ. ಆದರೂ ಮಕ್ಕಳು ಆ ಪಟ್ಟಿಯನ್ನು ಪೂರ್ತಿಯಾಗಿ ಶೋಧಿಸಿದರು. ಯಾವ ಸಾಲಿನಲ್ಲಿ ಯಾವ ಆಟವಿದೆ, ಮೊದಲಿನಿಂದ ಎಷ್ಟು ಸಲ ಕೆಳಕ್ಕೆ ಒತ್ತಬೇಕು ಎಂಬ ಲೆಕ್ಕ ಅವರ ಬೆರಳುಗಳಲ್ಲಿ ಕೂತಿತು.

ಫ್ಯಾಮಿಕಾಮ್‌ನ ಹಿಡಿಕೆಯಲ್ಲಿ ಎಡಕ್ಕೆ ದಿಕ್ಕಿನ ಗುಂಡಿ, ಬಲಕ್ಕೆ ಎ ಮತ್ತು ಬಿ, ನಡುವೆ ಸೆಲೆಕ್ಟ್ ಮತ್ತು ಸ್ಟಾರ್ಟ್ ಇದ್ದವು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಪರದೆಯಲ್ಲಿ ಒಬ್ಬರೋ ಇಬ್ಬರೋ ಎಂದು ಆರಿಸುವಾಗ, ಅಣಬೆಯ ಗುರುತನ್ನು ಮೇಲೆ ಕೆಳಗೆ ಸರಿಸಲು ದಿಕ್ಕಿನ ಗುಂಡಿ ಕೆಲಸಕ್ಕೆ ಬಾರದು, ಸೆಲೆಕ್ಟನ್ನೇ ಒತ್ತಬೇಕು. ದಿಕ್ಕಿನ ಗುಂಡಿ ಬೆರಳ ಕೆಳಗೇ ಇರುವಾಗ ಪಟ್ಟಿಯನ್ನು ಬದಲಿಸಲು ಬೇರೊಂದು ಗುಂಡಿ ಏಕೆ ಬೇಕೆಂದರೆ, ಮನೆಯ ಆಟದ ಯಂತ್ರಗಳಲ್ಲಿ ಆ ಕ್ರಮ ಮೊದಲೇ ಇತ್ತು. 1977ರ ಅಟಾರಿ ಯಂತ್ರದ ಮೈಮೇಲೆ ಆಟದ ಬಗೆಯನ್ನು ಬದಲಿಸುವ ಪ್ರತ್ಯೇಕ ಸ್ವಿಚ್ ಇದ್ದು, ಕಾಂಬ್ಯಾಟ್ ಎಂಬ ಆಟದ 27 ಬಗೆಗಳಲ್ಲಿ ಒಂದನ್ನು ದಾಟಿಬಿಟ್ಟರೆ ಹಿಂದಕ್ಕೆ ಬರುವ ದಾರಿಯಿಲ್ಲದೆ ಪೂರ್ತಿ ಒಂದು ಸುತ್ತು ಹಾಕಬೇಕಿತ್ತು. ಆ ಸ್ವಿಚ್ಚಿನ ಕೆಲಸವೇ ಸೆಲೆಕ್ಟ್ ಎಂಬ ಹೆಸರಿನಲ್ಲಿ ಕೈಹಿಡಿಕೆಗೆ ಇಳಿದು ಬಂದಿತು. ಅಟಾರಿಯನ್ನು ಕಂಡೇ ಇರದ ವಿಜಯನಗರದ ಮನೆಗೆ ಅಟಾರಿಯ ಅಭ್ಯಾಸ ಬಂದು ಸೇರಿದ್ದು ಹೀಗೆ.

ಮೂಲ ಫ್ಯಾಮಿಕಾಮ್‌ನ ಎರಡನೆಯ ಹಿಡಿಕೆಗೆ ಸೆಲೆಕ್ಟೂ ಇಲ್ಲ, ಸ್ಟಾರ್ಟೂ ಇಲ್ಲ. ಅನೇಕ ತದ್ರೂಪುಗಳು ಇದನ್ನೂ ಹಾಗೆಯೇ ಉಳಿಸಿಕೊಂಡವು. ಹೀಗಾಗಿ ಮೆನುವಿನ ಅಧಿಕಾರವೆಲ್ಲ ಮೊದಲ ಹಿಡಿಕೆ ಹಿಡಿದವನದು, ಅಂದರೆ ಸಾಮಾನ್ಯವಾಗಿ ಮನೆಯ ಹಿರಿಯ ಮಗುವಿನದು. ಆದರೆ ತದ್ರೂಪು ಮಾಡಿದವರು ಮೂಲದಲ್ಲಿ ಇರದ ಒಂದು ಉಪಕಾರವನ್ನೂ ಮಾಡಿದರು: ಎ ಮತ್ತು ಬಿಗಳ ಮೇಲ್ಗಡೆ ಟರ್ಬೊ ಎಂಬ ಇನ್ನೆರಡು ಗುಂಡಿಗಳನ್ನಿಟ್ಟು, ಅವನ್ನು ಒತ್ತಿ ಹಿಡಿದರೆ ಸಾಕು, ಒಂದರ ಹಿಂದೊಂದು ಒತ್ತಿದಂತೆ ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿದರು. ಆಟಗಾರನ ಬೆರಳಿಗೆ ಬೇಸರವಾಗುತ್ತದೆಂಬ ಅರಿವು, ಆಟ ಕಟ್ಟಿದವರಿಗಿಂತ ಅಗ್ಗದ ನಕಲು ಕಟ್ಟಿದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಅವರಿಗೆ ಇಷ್ಟಾದರೂ ಮನ್ನಣೆ ಸಲ್ಲಬೇಕು.

ವ್ಯರ್ಥವೆನಿಸುವ ಒತ್ತುಗಳೇ ನಿಧಿಯಾದ ಒಂದು ನಿದರ್ಶನವೂ ಉಂಟು. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ, ಗ್ರೇಡಿಯಸ್ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸಿ 1986ರಲ್ಲಿ ಹೊರತರುವ ಮುನ್ನ, ಕಷ್ಟವಾದ ಆ ಆಟವನ್ನು ತಾವೇ ಪರೀಕ್ಷಿಸಿ ನೋಡುವ ಸಲುವಾಗಿ ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ, ಬಲ, ಎಡ, ಬಲ, ಬಿ, ಎ ಎಂಬ ಒಂದು ಸರಣಿಯನ್ನು ಒಳಗಿಟ್ಟಿದ್ದರು. ಅದೇ ಸರಣಿ ಕಾಂಟ್ರಾ ಆಟದಲ್ಲಿ 30 ಜೀವಗಳನ್ನು ಕೊಡುತ್ತದೆ. ಪರದೆಯ ಮೇಲೆ ಎಲ್ಲಿಯೂ ಬರೆದಿರದ ಈ ಹತ್ತು ಒತ್ತುಗಳು ಬಾಯಿಂದ ಬಾಯಿಗೆ ದಾಟಿ ದೇಶದೇಶಗಳ ಮಕ್ಕಳನ್ನು ಮುಟ್ಟಿದವು, ಮತ್ತು ಮಗ್ಗಿಯಂತೆ ಕಂಠಪಾಠವಾದವು. ಬರೆದಿದ್ದ ಮೆನುವನ್ನು ಓದದ ಮಗುವೂ ಬರೆಯದ ಈ ಮೆನುವನ್ನು ತಪ್ಪಿಲ್ಲದೆ ಒಪ್ಪಿಸುತ್ತಿತ್ತು ಎಂಬುದು ಭಾಷೆಯ ದೃಷ್ಟಿಯಿಂದ ಗಮನಾರ್ಹ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದುತ್ತಿದ್ದ ಮಗುವಿಗೆ ಸ್ಟಾರ್ಟ್, ಸೆಲೆಕ್ಟ್, ಕಂಟಿನ್ಯೂ ಎಂಬವು ಶಬ್ದಗಳಾಗಿ ಅಲ್ಲ, ಆಕಾರಗಳಾಗಿ, ಪರದೆಯ ಮೇಲಿನ ಜಾಗಗಳಾಗಿ ಪರಿಚಯವಾದವು.

ಆಟದ ಸ್ಥಿತಿಯನ್ನು ಉಳಿಸಿಡುವ ಕೆಲಸವೂ ಬಹಳ ಒತ್ತುಗಳನ್ನು ಹುಟ್ಟಿಸಿತು. ಮೆಟ್ರಾಯ್ಡ್ ಆಟವು ಫ್ಯಾಮಿಕಾಮ್‌ನ ಅಮೆರಿಕದ ರೂಪಕ್ಕೆ ಬಂದಾಗ, ಆಟಗಾರನು ಎಲ್ಲಿಯವರೆಗೆ ಬಂದಿದ್ದಾನೆಂಬುದನ್ನು 24 ಅಕ್ಷರಗಳ ಗುಪ್ತಪದವಾಗಿ ತೋರಿಸುತ್ತಿತ್ತು. ಅದನ್ನು ಕಾಗದದ ಮೇಲೆ ಬರೆದುಕೊಂಡು, ಮರುದಿನ ಅಕ್ಷರಗಳ ಚೌಕದ ಮೇಲೆ ಗುರುತನ್ನು ಸರಿಸುತ್ತ ಒಂದೊಂದಾಗಿ ಆರಿಸಬೇಕು. ಜೆಲ್ಡಾ ಆಟದ ಡಬ್ಬಿಯೊಳಗೆ ಸಣ್ಣ ಬ್ಯಾಟರಿಯಿಟ್ಟು ನೆನಪನ್ನು ಕಾಯುವ ಕ್ರಮ ಬಂದಾಗ, ಯಂತ್ರ ಆರಿಸುವ ಮುನ್ನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದಿರಬೇಕೆಂಬ ಸೂಚನೆಯೂ ಜತೆಗೆ ಬಂದಿತು; ವಿದ್ಯುತ್ತು ಇಳಿಯುವ ಕ್ಷಣದಲ್ಲಿ ಯಂತ್ರವು ಆ ನೆನಪಿನ ಮೇಲೆ ಅಡ್ಡಾದಿಡ್ಡಿಯಾಗಿ ಏನನ್ನೋ ಬರೆದು ಕೆಡಿಸದಂತೆ ತಡೆಯುವುದಕ್ಕೆ. ಪವರ್ ಪ್ರೆಸ್ಸಿನ ಎರಡನೆಯ ಗುಂಡಿಯ ಜಾತಿಗೆ ಸೇರಿದ ಒತ್ತು ಇದು. ಇಲ್ಲಿನ ಅಗ್ಗದ ಕ್ಯಾಸೆಟ್‌ಗಳಲ್ಲಿ ಸಾಮಾನ್ಯವಾಗಿ ಇಂಥ ಬ್ಯಾಟರಿ ಇರಲಿಲ್ಲ, ಮತ್ತು ಕರೆಂಟ್ ಹೋಗುವ ಮುನ್ನ ಯಾವ ಗುಂಡಿಯನ್ನೂ ಹಿಡಿದು ಕಾಯುವ ಅವಕಾಶ ಇರಲಿಲ್ಲ. ಕರೆಂಟ್ ಬಂದ ಬಳಿಕ ಮತ್ತೆ ಆ ಉದ್ದನೆಯ ಪಟ್ಟಿ, ಮತ್ತೆ ಮೊದಲ ಹಂತ.

ನಂತರ ಬಂದ ಪ್ಲೇಸ್ಟೇಷನ್ ಯಂತ್ರ, ಡಿಸ್ಕ್‌ಗಳಿಗಾಗಿ ಮೆಜೆಸ್ಟಿಕ್ ಸುತ್ತಿನ ನ್ಯಾಷನಲ್ ಮಾರ್ಕೆಟ್‌ಗೂ ಎಸ್‌.ಪಿ. ರಸ್ತೆಗೂ ಹೋಗಿಬರುವ ದಾರಿಯನ್ನು ಈ ಬಡಾವಣೆಗಳ ಹುಡುಗರಿಗೆ ಕಲಿಸಿತು. ಆಟವನ್ನು ಉಳಿಸಲು 15 ಖಾನೆಗಳ ಮೆಮೊರಿ ಕಾರ್ಡನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಕೊಳ್ಳದವರಿಗೆ ಕಾರ್ಡ್ ಇಲ್ಲ, ಮುಂದುವರಿಯಲೇ ಎಂದು ಎಷ್ಟೋ ಆಟಗಳು ಪ್ರತಿ ಸಲವೂ ಕೇಳುತ್ತಿದ್ದವು. ಜಪಾನಿನಲ್ಲಿ ಆ ಯಂತ್ರದ ಹಿಡಿಕೆಯ ವೃತ್ತದ ಗುಂಡಿ ಒಪ್ಪಿಗೆಗೆ, ಅಡ್ಡಗೀಟುಗಳ ಗುಂಡಿ ನಿರಾಕರಣೆಗೆ ಇತ್ತು. ಪಶ್ಚಿಮದ ದೇಶಗಳಲ್ಲಿ ಇದು ತಿರುವುಮುರುವಾಗಿತ್ತು. ಎರಡೂ ಕಡೆಯ ಡಿಸ್ಕ್‌ಗಳು ಒಂದೇ ಅಂಗಡಿಯಲ್ಲಿ ಸಿಗುವಲ್ಲಿ ಬೆರಳು ಕಲಿತ ಪಾಠ ಡಿಸ್ಕ್ ಬದಲಾದಾಗಲೆಲ್ಲ ಸುಳ್ಳಾಗುತ್ತಿತ್ತು; ಸೋನಿ ಕಂಪನಿ ಈ ಭೇದವನ್ನು ಅಳಿಸಿದ್ದು 2020ರ ಪ್ಲೇಸ್ಟೇಷನ್ 5ರಲ್ಲಿ. ಡಿಸ್ಕಿನಿಂದ ಆಟ ನಿಧಾನವಾಗಿ ಮೇಲೇರುವ ಹೊತ್ತಿನಲ್ಲಿ ಚಿಕ್ಕ ಆಟವೊಂದನ್ನು ಆಡಿಸುವ ಉಪಾಯವನ್ನು ನ್ಯಾಮ್ಕೊ ಕಂಪನಿ ಪೇಟೆಂಟ್ ಮಾಡಿಕೊಂಡು, ಅದು 2015ರವರೆಗೆ ಜಾರಿಯಲ್ಲಿದ್ದುದರಿಂದ, ಕಾಯುವ ಪರದೆಗಳು ಬರಿದಾಗಿ ಉಳಿದದ್ದಕ್ಕೆ ಕಾನೂನೂ ಒಂದು ಕಾರಣ.

ಒಂದು ಒತ್ತಿನ ಬೆಲೆಯನ್ನು ಅಳೆಯುವ ವಿದ್ಯೆಯೂ ಇಷ್ಟರಲ್ಲಿ ಬೆಳೆದಿತ್ತು. 1980ರಲ್ಲಿ ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ವಿದ್ವಾಂಸರು ಪ್ರಕಟಿಸಿದ ಲೆಕ್ಕದ ಪ್ರಕಾರ, ಪಳಗಿದ ಬೆರಳಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡ್ ಸಾಕು, ಆದರೆ ಏನನ್ನು ಒತ್ತಬೇಕೆಂದು ಮನಸ್ಸು ಸಿದ್ಧವಾಗಲು ಸುಮಾರು 1.35 ಸೆಕೆಂಡ್ ಬೇಕು. ಅನಗತ್ಯವಾದ ಮೆನು ಬೆರಳಿಗಿಂತ ಹೆಚ್ಚಾಗಿ ಮನಸ್ಸನ್ನು ದಣಿಸುತ್ತದೆ ಎಂಬುದು ಇದರ ತಾತ್ಪರ್ಯ. ಮಾಗಡಿ ರಸ್ತೆಯಿಂದ ದೂರವಲ್ಲದ ಚಾಮರಾಜಪೇಟೆಯಲ್ಲಿ ಕನ್ನಡ ಗಣಕ ಪರಿಷತ್ತು ಇದೇ ವಿಚಾರವನ್ನು ಬೇರೆ ಕ್ಷೇತ್ರದಲ್ಲಿ ಕಾರ್ಯಕ್ಕೆ ತಂದಿತು. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರವನ್ನು ತುಣುಕು ತುಣುಕಾಗಿ ಜೋಡಿಸಬೇಕಿತ್ತು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿಯಿತು, ಮತ್ತು ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನು ಸೇರಿತು. ಕನ್ನಡದ ವ್ಯಂಜನದೊಳಗೆ ಅಕಾರ ಇದ್ದೇ ಇದೆ ಎಂಬ ವ್ಯಾಕರಣದ ಸತ್ಯವನ್ನು ಅದು ಗೌರವಿಸುತ್ತದೆ. ಕನಕ ಎಂದು ಬರೆಯಲು ಅಲ್ಲಿ ಮೂರೇ ಒತ್ತು. ರೋಮನ್ ಅಕ್ಷರಗಳಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವ ಪದ್ಧತಿಯಲ್ಲಿ ಆರು. ಪ್ರತಿ ಅಕ್ಷರಕ್ಕೂ ಹೆಚ್ಚುವರಿಯಾಗಿ ಒತ್ತಿದ ಆ ಅಕಾರ, ಇಂಗ್ಲಿಷ್ ಲಿಪಿಯ ಅಗತ್ಯವೇ ಹೊರತು ಕನ್ನಡದ್ದಲ್ಲ. ಆಟದ ಮೆನುಗಳನ್ನು ಹೀಗೆ ಭಾಷೆಯ ಒಳಗಿನಿಂದ ಯೋಚಿಸಿ ಕಟ್ಟಿದವರಿದ್ದಿದ್ದರೆ ಅವುಗಳ ಸ್ವರೂಪವೇ ಬೇರೆಯಾಗುತ್ತಿತ್ತು.

2000ದ ನಂತರದ ಸೈಬರ್ ಕೆಫೆಗಳಲ್ಲಿ ಮೆನುವಿನ ಹೊತ್ತು ಹಣದ ಲೆಕ್ಕಕ್ಕೂ ಬಂದಿತು, ಏಕೆಂದರೆ ಅಲ್ಲಿ ಗಂಟೆಗಿಷ್ಟೆಂದು ದರ. ಕೌಂಟರ್ ಸ್ಟ್ರೈಕ್ ಆಟದಲ್ಲಿ ಆಯುಧ ಕೊಳ್ಳಲು ಬಿ ಕೀಲಿಯ ಬಳಿಕ ಅಂಕಿಗಳನ್ನು ಒತ್ತಬೇಕು; ಪಳಗಿದವರು ಪಟ್ಟಿ ಪರದೆಯ ಮೇಲೆ ಪೂರ್ತಿ ಮೂಡುವ ಮೊದಲೇ ಅಂಕಿಗಳನ್ನು ಒತ್ತಿ ಮುಗಿಸುತ್ತಿದ್ದರು. ನೋಕಿಯಾ ಫೋನಿನಲ್ಲಿ ಹಾವಿನ ಆಟಕ್ಕೆ ಹೋಗಲು ಮೆನು, ಗೇಮ್ಸ್, ಆಟದ ಹೆಸರು, ಹೊಸ ಆಟ ಎಂದು ಮೆಟ್ಟಿಲುಗಳಿದ್ದರೂ, ಪ್ರತಿ ಮೆನುವಿಗೆ ಒಂದು ಅಂಕಿಯಿದ್ದು ಅದನ್ನು ಒತ್ತಿ ನೇರವಾಗಿ ಹಾರಬಹುದಿತ್ತು. ಅಂಕಿಗೆ ಭಾಷೆಯ ಹಂಗಿಲ್ಲ. ಇಂಗ್ಲಿಷ್ ಓದದವರಿಗೆ ಇಷ್ಟು ಹತ್ತಿರವಾದ ಮೆನು ಹಿಂದೆಯೂ ಇರಲಿಲ್ಲ, ಆಮೇಲೆಯೂ ಬರಲಿಲ್ಲ.

ಸ್ಮಾರ್ಟ್‌ಫೋನಿನ ಉಚಿತ ಆಟಗಳಲ್ಲಿ ಗುಂಡಿಯ ಸ್ವಭಾವವೇ ಬದಲಾಯಿತು. ಹಿಂದಿನ ಅನಗತ್ಯ ಒತ್ತುಗಳು ಬಹುತೇಕ ಹಳೆಯ ಕಾರಣದ ಉಳಿಕೆಗಳು. ಇಂದಿನವು ಬೇಕೆಂದೇ ನೆಟ್ಟವು. ದಿನದ ಬಹುಮಾನವನ್ನು ಸ್ವೀಕರಿಸು, ಹೊಸ ಸರಕನ್ನು ನೋಡು, ಜಾಹೀರಾತು ಮುಗಿಯುವವರೆಗೆ ಕಾಯು ಎಂಬ ಪರದೆಗಳ ಸಾಲು, ಆಟಗಾರನನ್ನು ಆಟದ ಕಡೆಗಲ್ಲ, ಅಂಗಡಿಯ ಕಡೆಗೆ ನಡೆಸುತ್ತದೆ. ಬಳಕೆದಾರರನ್ನು ಹೀಗೆ ದಾರಿ ತಪ್ಪಿಸುವ ವಿನ್ಯಾಸಗಳಿಗೆ ಡಾರ್ಕ್ ಪ್ಯಾಟರ್ನ್ ಎಂದು ಹೆಸರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಇಂಥ 13 ಬಗೆಗಳನ್ನು ಹೆಸರಿಸಿತು. ಬೇಡದ ಕ್ರಿಯೆಯನ್ನು ಬಲವಂತವಾಗಿ ಮಾಡಿಸುವುದು, ಕಣ್ಣು ತಪ್ಪಿಸುವಂತೆ ಪರದೆಯನ್ನು ಜೋಡಿಸುವುದು, ಪದೇಪದೇ ಪೀಡಿಸುವುದು ಅವುಗಳಲ್ಲಿ ಕೆಲವು.

ಮೂವತ್ತು ವರ್ಷಗಳ ಹಿಂದೆ ನಡುಮನೆಯ ಟಿವಿಯ ಮುಂದೆ ಬೆಳೆದ ಕಲಿಕೆ ಇಲ್ಲಿ ತಿರುಗಿ ನಿಲ್ಲುತ್ತದೆ. ಕೆಂಗೇರಿಗೆ ಹೋಗುವ ಮೆಟ್ರೊದಲ್ಲಿ ಫೋನ್ ಹಿಡಿದ ಮಗುವೂ ಸ್ಕಿಪ್, ಕ್ಲೋಸ್ ಎಂಬ ಶಬ್ದಗಳನ್ನು ಓದುವುದಕ್ಕಿಂತ ಮೊದಲು ಅವುಗಳ ಜಾಗವನ್ನು ಗುರುತಿಸುತ್ತದೆ: ಮೇಲ್ತುದಿಯ ಬಲಮೂಲೆ, ಅಡ್ಡಗೀಟುಗಳ ಸಣ್ಣ ಚಿಹ್ನೆ. ಜಾಹೀರಾತು ಕಟ್ಟುವವರಿಗೂ ಇದು ತಿಳಿದಿದೆ. ಆದ್ದರಿಂದ ಅವರು ಆ ಚಿಹ್ನೆಯನ್ನು ಒಂದು ಸಲ ಎಡಮೂಲೆಗೆ ಸರಿಸುತ್ತಾರೆ, ಇನ್ನೊಂದು ಸಲ ಬೆರಳ ತುದಿಗೆ ಸಿಗದಷ್ಟು ಕಿರಿದಾಗಿಸುತ್ತಾರೆ, ಮತ್ತೊಮ್ಮೆ ಅದೇ ಆಕಾರದ ಹುಸಿ ಚಿಹ್ನೆಯನ್ನು ಅದರ ಪಕ್ಕದಲ್ಲಿಟ್ಟು, ಒತ್ತಿದವನನ್ನು ನೇರವಾಗಿ ಆ್ಯಪ್‌ಗಳ ಅಂಗಡಿಗೆ ಕೊಂಡೊಯ್ಯುತ್ತಾರೆ.